ಮಾವನ ಕಾರು, ಅತ್ತೆಯ ಕಾರು

ಹೋದ ತಿಂಗಳು ಕಡೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಛತ್ರದ ಮುಂದೆ ಜನ ಮುತ್ತಿಕೊಂಡಿದ್ದದ್ದು ಗಂಡು ಹೆಣ್ಣನ್ನಲ್ಲ, ಒಂದು ಕಾರನ್ನು. ಕಪ್ಪು ಬಣ್ಣ, ದುಂಡು ಬೆನ್ನು, ಕಪ್ಪೆಯ ಕಣ್ಣಿನಂತೆ ಉಬ್ಬಿದ ಎರಡು ದೀಪ, ಮೈತುಂಬ ಸೇವಂತಿಗೆ ಹಾರ. ಹುಡುಗಿಯರು ಅದರ ಬಾಗಿಲಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪಕ್ಕದಲ್ಲೇ, ಬೇರೆಲ್ಲೂ ಜಾಗ ಸಿಗದ್ದರಿಂದ, ನಾವು ಬಂದಿದ್ದ ಪುಟ್ಟ ಬಿಳಿ ಕಾರು ನಿಂತಿತ್ತು. ಅದರ ಬಾನೆಟ್ಟಿನ ಮೇಲೆ ಯಾರೋ ಕಾಫಿ ಕುಡಿದು ಲೋಟ ಇಟ್ಟುಹೋಗಿದ್ದರು.

ಆ ಕಪ್ಪು ಕಾರು ಒಂದು ಕಾಲಕ್ಕೆ ನನ್ನ ಸೋದರಮಾವನದು. ಬಿಳಿ ಕಾರು ಮಾವನ ಹೆಂಡತಿ ರತ್ನತ್ತೆಯದು. ಮಾವ ಈಗಿಲ್ಲ. ಓಡದ ಗಾಡಿ ಶೆಡ್ಡಿನಲ್ಲಿ ನಿಂತೇ ತುಕ್ಕು ಹಿಡಿಯುತ್ತದೆಂದು ಅತ್ತೆ ಅದನ್ನು ಕಡೂರಿನವರೊಬ್ಬರಿಗೆ ಕೊಟ್ಟುಬಿಟ್ಟರು. ಅವರು ಅದಕ್ಕೆ ಜೀವ ಬರಿಸಿ ಮದುವೆಗಳಿಗೆ ಬಾಡಿಗೆಗೆ ಬಿಡುತ್ತಿದ್ದಾರೆ. ಹೀಗೆ ಇದ್ದಕ್ಕಿದ್ದಂತೆ ಎದುರಾದ ಕಾರನ್ನು ನೋಡಿ ಅತ್ತೆ ಎಲ್ಲಿ ಕುಸಿಯುತ್ತಾರೋ ಎಂದು ನನಗೆ ಅಳುಕು. ಅವರು ಹತ್ತಿರ ಹೋಗಿ ಒಂದು ಸುತ್ತು ಹಾಕಿ ಬಂದರು. ‘ಚೆನ್ನಾಗಿಟ್ಕೊಂಡಿದಾರೆ ಕಣೇ’ ಎಂದರು. ಆಮೇಲೆ ಬಿಳಿ ಕಾರಿನ ಮೇಲಿದ್ದ ಲೋಟ ತೆಗೆದು, ಅದರ ಉಂಗುರದ ಕಲೆಯನ್ನು ಸೆರಗಿನಿಂದ ಒರೆಸಿ, ಊಟದ ಮನೆಯ ಕಡೆ ನಡೆದರು.

ಆವತ್ತಿನಿಂದ ಆ ಎರಡು ಕಾರುಗಳನ್ನು ಮನಸ್ಸಿನಲ್ಲೇ ಪಕ್ಕಪಕ್ಕ ನಿಲ್ಲಿಸಿಕೊಂಡು ನೋಡುವ ಚಾಳಿ ನನಗೆ ಅಂಟಿದೆ. ನಾನು ಗಣಿತದ ಟೀಚರು. ಎರಡು ವಸ್ತು ಕಂಡರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ನಡುವೆ ಚಿಹ್ನೆ ಹಾಕದೆ ಬಿಡಲು ಬರುವುದಿಲ್ಲ. ಈ ಲೆಕ್ಕದಲ್ಲಿ ಮಾತ್ರ ಚಿಹ್ನೆಯ ಬಾಯಿ ಯಾವ ಕಡೆಗೆ ತೆರೆಯಬೇಕೋ ಇನ್ನೂ ತಿಳಿದಿಲ್ಲ.

ಅಪ್ಪನಿಗೆ ಊರಿಂದೂರಿಗೆ ವರ್ಗವಾಗುತ್ತಿದ್ದುದರಿಂದ ನಾನು ಹೈಸ್ಕೂಲು ಓದಿದ್ದು ಅಜ್ಜಂಪುರದಲ್ಲಿ, ಮಾವನ ಮನೆಯಲ್ಲಿ. ಮಕ್ಕಳಿಲ್ಲದ ಅವರಿಗೆ ನಾನೇ ಮಗಳು. ಮಾವನಿಗೆ ಒಂದಷ್ಟು ಹೊಲ, ತೆಂಗಿನ ತೋಟ ಇದ್ದವು. ಆದರೆ ಊರಿನವರು ಅವರನ್ನು ಗುರುತಿಸುತ್ತಿದ್ದದ್ದು ತೆಂಗಿನಿಂದಲ್ಲ, ‘ಕಾರು ಚಂದ್ರಣ್ಣ’ ಎಂದು. ಚಿಕ್ಕಮಗಳೂರು ಕಡೆಯ ಕಾಫಿ ಎಸ್ಟೇಟಿನ ಮ್ಯಾನೇಜರೊಬ್ಬರು ಊರು ಬಿಡುವಾಗ ಆ ಕಾರನ್ನು ಮಾವನಿಗೆ ಕೊಟ್ಟು ಹೋಗಿದ್ದರಂತೆ. ಆಗ ಮಾವನಿಗೆ ಇನ್ನೂ ಮದುವೆಯಾಗಿರಲಿಲ್ಲ. ‘ನಾನು ಬರೋ ಹೊತ್ಗೆ ಅದು ಹಳೇ ಸೊಸೆ ಆಗಿತ್ತು’ ಎಂದು ಅತ್ತೆ ನಗುತ್ತಿದ್ದರು.

ಆ ಕಾರಿಗೆ ಚಳಿಗಾಲದಲ್ಲಿ ಸುಲಭಕ್ಕೆ ಎಚ್ಚರವಾಗುತ್ತಿರಲಿಲ್ಲ. ಮೂತಿಯ ಕೆಳಗಿನ ತೂತಿಗೆ ಕಬ್ಬಿಣದ ಹ್ಯಾಂಡಲ್ ಕೊಟ್ಟು ಮಾವ ತಿರುಗಿಸಬೇಕು. ಅದು ಕೆಮ್ಮಿ, ಸೀನಿ, ಮೈ ಕೊಡವಿಕೊಂಡು ಏಳಬೇಕು. ತಿರುಗುವ ಕಡೆಗೆ ದೀಪ ಮಿನುಗಿಸುವ ಬದಲು ಬಾಗಿಲ ಪಕ್ಕದ ಕಂಬದಿಂದ ಕಿತ್ತಳೆ ಬಣ್ಣದ ಪುಟ್ಟ ಕೈಯೊಂದು ಟಕ್ಕೆಂದು ಹೊರಬರುತ್ತಿತ್ತು. ಆ ಕೈ ನೋಡಲೆಂದೇ ನಾನು ಶಾಲೆಯ ತಿರುವಿನವರೆಗೆ ಕಾರಿನಲ್ಲಿ ಹೋಗುತ್ತಿದ್ದೆ. ಒಳಗೆ ಪೆಟ್ರೋಲು, ಹಳೆಯ ಚರ್ಮ ಮತ್ತು ಮಾವನ ಅಡಿಕೆಪುಡಿ ಸೇರಿದ ಒಂದು ವಾಸನೆ. ಊರಿನ ಎಷ್ಟೋ ಮದುಮಕ್ಕಳು, ಎಷ್ಟೋ ಬಸುರಿಯರು ಆ ವಾಸನೆಯಲ್ಲಿ ಪ್ರಯಾಣ ಮಾಡಿದ್ದರು. ಯಾರು ಕರೆದರೂ ಮಾವ ಹೋಗುತ್ತಿದ್ದರು. ಕೀಲಿಯನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

ಮುಂದಿನ ಎಡಗಡೆಯ ಸೀಟು ಗಂಡಸರದು. ನೆಂಟರಲ್ಲಿ ಹಿರಿಯರು, ಇಲ್ಲವಾದರೆ ಶಾನುಭೋಗರು, ಅವರೂ ಇಲ್ಲವಾದರೆ ದಾರಿಯಲ್ಲಿ ಕೈ ಅಡ್ಡ ಹಾಕಿದ ಯಾರೋ ಒಬ್ಬರು. ಅತ್ತೆ ಹಿಂದೆ, ಮಾವನ ಬೆನ್ನಿಗೆ. ಬೇರೆ ಯಾರೂ ಇಲ್ಲದೆ ಇಬ್ಬರೇ ತರೀಕೆರೆಗೆ ಹೋಗುವಾಗಲೂ ಮುಂದಿನ ಸೀಟು ಖಾಲಿ, ಅತ್ತೆ ಹಿಂದೆ. ಅಲ್ಲಿ ಕೂರಬೇಡ ಎಂದು ಮಾವ ಯಾವತ್ತೂ ಹೇಳಿರಲಿಲ್ಲ. ಕೂರು ಎಂದೂ ಹೇಳಿರಲಿಲ್ಲ. ಎಷ್ಟೋ ಮನೆಗಳಲ್ಲಿ ಕಾಯಿದೆಗಳು ಹೀಗೇ ಹುಟ್ಟುತ್ತವೆ.

ಮಾವನಿಗೆ ಲಕ್ವ ಹೊಡೆದದ್ದು ನಾನು ಟೀಚರಾಗಿ ಬೇರೆ ಊರು ಸೇರಿ ಎಷ್ಟೋ ವರ್ಷದ ಮೇಲೆ, ಒಂದು ಬೆಳಿಗ್ಗೆ, ಶೆಡ್ಡಿನಲ್ಲಿ ಕಾರು ಒರೆಸುತ್ತಿದ್ದಾಗ. ಬಲಗೈ ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಆಸ್ಪತ್ರೆಯಲ್ಲಿ ಹಲವು ದಿನ ಮಲಗಿ ಮನೆಗೆ ಬಂದ ಮೇಲೆ ಒಂದೇ ಒಂದು ಪದ ವಾಪಸು ಬಂತು: ‘ಆಯ್ತು’. ಹಸಿವಾದರೂ ಆಯ್ತು, ಹಸಿವಿಲ್ಲದಿದ್ದರೂ ಆಯ್ತು. ಸಿಟ್ಟು ಬಂದಾಗ ಹೇಳುವ ಆಯ್ತಿಗೂ, ಫ್ಯಾನು ಹಾಕು ಎನ್ನುವ ಆಯ್ತಿಗೂ ಇರುವ ವ್ಯತ್ಯಾಸ ಅತ್ತೆಗೊಬ್ಬರಿಗೇ ತಿಳಿಯುತ್ತಿತ್ತು. ನನಗೆ ಎಲ್ಲವೂ ಒಂದೇ ಥರ ಕೇಳುತ್ತಿತ್ತು, ಎಲ್ಲವೂ ಸಂಕಟ ತರುತ್ತಿತ್ತು.

ಕೈಕಾಲಿಗೆ ವ್ಯಾಯಾಮ ಮಾಡಿಸಲು ವಾರಕ್ಕೆ ಕೆಲವು ಸಲ ತರೀಕೆರೆಗೆ ಕರೆದೊಯ್ಯಬೇಕಾಗಿತ್ತು. ಬಾಡಿಗೆ ಕಾರು ಬರುತ್ತಿತ್ತು. ಓಡಿಸುವವರು ಕೆಟ್ಟವರಲ್ಲ, ಅವಸರದವರು. ಮಾವ ಕೋಲೂರಿಕೊಂಡು ಜಗಲಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಎರಡು ಮೂರು ಸಲ ಹಾರ್ನ್ ಹೊಡೆದುಬಿಡುತ್ತಿದ್ದರು. ಬಸುರಿಯರ ಮನೆ ಮುಂದೆ ಎಂಜಿನ್ ಸದ್ದು ಕೂಡ ಮಾಡದೆ ಕಾದು ನಿಂತ ಮನುಷ್ಯ ಮಾವ. ಪ್ರತಿ ಹಾರ್ನಿಗೂ ಅವರ ಮುಖ ಸಣ್ಣಗಾಗುತ್ತಿತ್ತು. ಒಂದು ದಿನ ಅವಸರ ಮಾಡಲು ಹೋಗಿ ಕೊನೆಯ ಮೆಟ್ಟಿಲಲ್ಲಿ ಮುಗ್ಗರಿಸಿದರು. ಪೆಟ್ಟೇನೂ ಆಗಲಿಲ್ಲ. ಆ ಸಂಜೆ ಅತ್ತೆ ನನಗೆ ಫೋನು ಮಾಡಿದರು. ಮೊದಲು ಮಳೆ, ಬೆಳೆ, ನನ್ನ ಸ್ಕೂಲು ಎಲ್ಲ ವಿಚಾರಿಸಿದರು. ಆಮೇಲೆ, ಸಕ್ಕರೆ ಮುಗಿದಿದೆ ಎನ್ನುವ ದನಿಯಲ್ಲಿ, ‘ನಂಗೆ ಕಾರ್ ಓಡ್ಸೋದು ಕಲ್ಸೇ’ ಎಂದರು.

ಅರವತ್ತರ ಅಂಚಿನ ಹೆಂಗಸು. ಸೈಕಲ್ಲು ಕೂಡ ಮುಟ್ಟಿದವರಲ್ಲ. ಕಲಿಸಬೇಕಾದ ನಾನೋ, ನನ್ನ ಮನೆಯ ಗೇಟಿನ ಬಣ್ಣ ಕಾರಿಗೂ ಕಾರಿನ ಬಣ್ಣ ಗೇಟಿಗೂ ಹತ್ತಿಸಿಕೊಂಡು, ಎರಡೂ ಒಂದೇ ಬಣ್ಣಕ್ಕೆ ತಿರುಗುತ್ತಿರುವ ಚಾಲಕಿ. ಬೇಡ ಅನ್ನಲು ಬೇಕಾದಷ್ಟು ಕಾರಣ ಇದ್ದವು. ಅತ್ತೆ ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

ಅವರು ಮೊದಲು ಕಲಿಯಬೇಕೆಂದುಕೊಂಡದ್ದು ಮಾವನ ಕಾರಿನಲ್ಲೇ. ನಾವಿಬ್ಬರೂ ಶೆಡ್ಡಿಗೆ ಹೋದೆವು. ಅತ್ತೆ ಚಾಲಕನ ಸೀಟಿನಲ್ಲಿ ಕೂತು ಸ್ಟೇರಿಂಗ್ ತಿರುಗಿಸಲು ನೋಡಿದರು. ನೆಲದಲ್ಲಿ ಹೂತ ಒಳಕಲ್ಲನ್ನು ಅಲುಗಿಸಹೋದಂತೆ, ಅದು ಜಗ್ಗಲಿಲ್ಲ. ಕ್ಲಚ್ಚಿನವರೆಗೆ ಕಾಲು ಎಟುಕಿತು, ಒತ್ತಲು ಬಲ ಸಾಲಲಿಲ್ಲ. ಹಿಂದಿನಿಂದ ಕೋಲಿನ ಸದ್ದು ಕೇಳಿತು. ಮಾವ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಯಾವತ್ತೂ ಕಂಡಿರದ ಸಿಟ್ಟು ಮುಖದಲ್ಲಿತ್ತು. ‘ಆಯ್ತು’ ಎಂದರು. ಅದೊಂದು ಆಯ್ತು ಮಾತ್ರ ನನಗೂ ಅರ್ಥವಾಯಿತು. ಅತ್ತೆ ಮೆಲ್ಲಗೆ ಇಳಿದು, ಬಾಗಿಲು ಹಾಕಿ, ಅವರನ್ನು ನಡೆಸಿಕೊಂಡು ಒಳಗೆ ಹೋದರು. ಅವತ್ತು ಅವರಿಬ್ಬರೂ ಊಟ ಮಾಡಲಿಲ್ಲವೆಂದು ಆಮೇಲೆ ತಿಳಿಯಿತು.

ಬಿಳಿ ಕಾರು ಬಂದದ್ದು ಅದಾದ ಮೇಲೆ. ತರೀಕೆರೆಯ ಮೇಷ್ಟ್ರೊಬ್ಬರು ಬಳಸಿದ್ದ ಗಾಡಿ. ಮುಂದೆ ನೋಡಿದರೂ ಹಿಂದೆ ನೋಡಿದರೂ ಒಂದೇ ಥರ ಕಾಣುವ, ಸೋಪಿನ ಪೆಟ್ಟಿಗೆಯಂಥ ಕಾರು. ಬಾಗಿಲು ಹಾಕಿದರೆ ಡಬ್ಬಿಯ ಮುಚ್ಚಳ ಹಾಕಿದ ಸದ್ದು. ಕೀಲಿ ತಿರುಗಿಸಿದರೆ ಎಂಜಿನ್ ಹತ್ತಿದ್ದೇ ಗೊತ್ತಾಗುವುದಿಲ್ಲ. ಸ್ಟೇರಿಂಗನ್ನು ಎರಡು ಬೆರಳಲ್ಲಿ ತಿರುಗಿಸಬಹುದು. ಬೆಲ್ಟು ಹಾಕದಿದ್ದರೆ ಮಾತ್ರ ಕೀಂ ಕೀಂ ಎಂದು ಹಟ ಹಿಡಿಯುತ್ತದೆ. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ, ಯಾವ ಕಥೆಯೂ ಇರಲಿಲ್ಲ. ಮಾವ ಜಗಲಿಯಿಂದ ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು.

ಎಲ್ ಬೋರ್ಡು ಅಂಟಿಸಿಕೊಂಡು ರಜದ ದಿನಗಳಲ್ಲಿ ನಾವು ಊರಾಚೆಯ ಕಾವಲಿಗೆ ಹೋಗುತ್ತಿದ್ದೆವು. ದನ ಮೇಯುವ ಬಯಲು. ಗುದ್ದಿದರೂ ಗುದ್ದಲು ಏನೂ ಇಲ್ಲ. ಮಾವನನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲವಾದ್ದರಿಂದ ಅವರನ್ನೂ ಕರೆದೊಯ್ಯಬೇಕಾಗಿತ್ತು. ಮುಂದೆ ಕೂರಲು ಅವರು ಸುತರಾಂ ಒಪ್ಪಲಿಲ್ಲ. ಹೆಂಡತಿ ಓಡಿಸುವ ಕಾರಿನಲ್ಲಿ ಪಕ್ಕ ಕೂತು ಊರ ಕಣ್ಣಿಗೆ ಬೀಳುವುದು ಅವರಿಗೆ ಬೇಕಿರಲಿಲ್ಲವೇನೋ. ಹಿಂದೆ, ಅತ್ತೆಯ ಬೆನ್ನಿಗೆ ಕೂತು ಕಿಟಕಿಯಾಚೆ ನೋಡುತ್ತಿದ್ದರು.

ಮೊದಲ ದಿನ ನಾನು ಅತ್ತೆಗೆ ನಡುವಿನ ಕನ್ನಡಿ ಸರಿ ಮಾಡಿಕೊಳ್ಳುವುದನ್ನು ಹೇಳಿಕೊಟ್ಟೆ. ಅವರು ಅದನ್ನು ಅತ್ತಿತ್ತ ತಿರುಗಿಸುತ್ತ ಒಂದು ಕಡೆ ನಿಲ್ಲಿಸಿದರು. ನೋಡುತ್ತಲೇ ಇದ್ದರು.

‘ಇದ್ರಲ್ಲಿ ಹಿಂದೆ ಕೂತೋರ ಮುಖ ಕಾಣುತ್ತೆ’ ಎಂದರು.

ಹೌದತ್ತೆ, ಹಿಂದಿನ ರಸ್ತೆ ಕಾಣುವಂತೆ ಸ್ವಲ್ಪ ಮೇಲೆತ್ತಿ ಎಂದೆ.

‘ಆ ಕಾರಲ್ಲೂ ಹಿಂಗೇ ಇತ್ತೇನೇ ಕನ್ನಡಿ?’

ಇತ್ತು ಎಂದೆ. ಅತ್ತೆ ಕನ್ನಡಿಯ ಅಂಚನ್ನು ಬೆರಳಲ್ಲಿ ಹಿಡಿದೇ ಇದ್ದರು. ಇಷ್ಟು ವರ್ಷ ತಾವು ಯಾರ ಬೆನ್ನು ನೋಡುತ್ತ ಕೂತಿದ್ದರೋ, ಅವರು ಬೇಕೆಂದಾಗಲೆಲ್ಲ ತಮ್ಮ ಮುಖ ನೋಡಬಹುದಾಗಿತ್ತು ಎಂಬುದು ಅವರಿಗೆ ಅಂದೇ ಹೊಳೆದಿರಬೇಕು. ಹಿಂದಿನ ಸೀಟಿನಲ್ಲಿ ಮಾವ ಕಿಟಕಿ ಬಿಟ್ಟು ಕನ್ನಡಿಯ ಕಡೆ ನೋಡಿದರು. ನಾನು ಬಾಗಿಲು ತೆಗೆದು ಇಳಿದು, ಟೈರಿಗೆ ಗಾಳಿ ಇದೆಯೋ ಇಲ್ಲವೋ ನೋಡುವ ನೆಪದಲ್ಲಿ ಸ್ವಲ್ಪ ಹೊತ್ತು ಹೊರಗೇ ನಿಂತೆ.

ಅತ್ತೆ ಬೇಗ ಕಲಿತರು. ಆದರೆ ಗೇರು ಬದಲಿಸುವುದೆಂದರೆ ಭಯ. ಎರಡನೇ ಗೇರಿಗೆ ಹಾಕಿದರೆ ಅದರಲ್ಲೇ ತರೀಕೆರೆ ಮುಟ್ಟುವವರ ಹಾಗೆ ಹೋಗುತ್ತಿದ್ದರು. ಎಂಜಿನ್ ನರಳುತ್ತಿತ್ತು. ಯಾವಾಗ ಬದಲಿಸಬೇಕೆಂದು ಹೇಳಲು ನನಗೂ ಬರುತ್ತಿರಲಿಲ್ಲ. ನಾನು ವೇಗದ ಮುಳ್ಳು ನೋಡಿ ಬದಲಿಸುವವಳು. ಒಂದು ದಿನ ಹೀಗೆ ನರಳಿಕೊಂಡು ಕಾವಲಿನ ಅಂಚಿನಲ್ಲಿ ಹೋಗುತ್ತಿದ್ದಾಗ ಅತ್ತೆಯ ಸೀಟಿನ ಬೆನ್ನಿಗೆ ಟಪ್ಪೆಂದು ಸದ್ದಾಯಿತು. ಮಾವ ಎಡಗೈಯಿಂದ ತಟ್ಟಿದ್ದರು. ಅತ್ತೆ ಗಾಬರಿಯಾಗಿ ಬ್ರೇಕು ಒತ್ತಿದರು. ‘ಆಯ್ತು, ಆಯ್ತು’ ಎಂದು ಮಾವ ತಲೆಯಾಡಿಸಿದರು. ಮತ್ತೆ ಹೊರಟಾಗ, ಸದ್ದು ಏರುತ್ತಿದ್ದ ಹಾಗೆ ಮತ್ತೆ ತಟ್ಟಿದರು. ಈ ಸಲ ಅತ್ತೆ ಗೇರು ಬದಲಿಸಿದರು. ಎಂಜಿನ್ನು ಉಸಿರುಬಿಟ್ಟಂತೆ ಹಗುರಾಯಿತು. ಬೆನ್ನಿನ ಮೇಲೆ ಇನ್ನೊಂದು ತಟ್ಟು ಬಿತ್ತು, ಮೆತ್ತಗೆ. ಅದು ಶಭಾಸ್.

ಮಾವನಿಗೆ ಹೆಂಡತಿಯ ಮೇಲಿದ್ದ ಸಿಟ್ಟಿಗಿಂತ ಎಂಜಿನ್ನಿನ ಮೇಲಿನ ಕರುಣೆ ದೊಡ್ಡದಾಯಿತೆಂದು ನಾನು ಅಂದುಕೊಂಡಿದ್ದೆ. ಅಷ್ಟೇ ಅಲ್ಲವೆಂದು ಆಮೇಲೆ ಗೊತ್ತಾಯಿತು. ಅತ್ತೆಗೆ ಲೈಸೆನ್ಸ್ ಬಂದು, ಮೊದಲ ಸಲ ತರೀಕೆರೆಗೆ ತಾವೇ ಕರೆದೊಯ್ಯುವ ದಿನ ನಾನೂ ಅಲ್ಲಿದ್ದೆ. ಹಾರ್ನ್ ಹೊಡೆಯುವವರಿರಲಿಲ್ಲ. ಮಾವ ತಮ್ಮ ಪಾಡಿಗೆ ನಿಧಾನವಾಗಿ ಮೆಟ್ಟಿಲು ಇಳಿದು ಬಂದರು. ನಾನು ಹಿಂದಿನ ಬಾಗಿಲು ತೆಗೆದು ಹಿಡಿದೆ. ಅವರು ಬರಲಿಲ್ಲ. ಮುಂದಿನ ಎಡಬಾಗಿಲಿನ ಎದುರು ಕೋಲೂರಿಕೊಂಡು ನಿಂತು ‘ಆಯ್ತು’ ಎಂದರು. ಅತ್ತೆ ಬಾಗಿಲು ತೆಗೆದು, ಕೂರಿಸಿ, ಅವರ ಎದೆಯ ಮೇಲಿಂದ ಬಾಗಿ ಬೆಲ್ಟು ಹಾಕಿದರು. ಎದುರು ಮನೆಯ ಜಗಲಿಯಲ್ಲಿ ಜನ ಕೂತಿದ್ದರು. ಹಾಗೆ ಗಂಡನ ಮೇಲೆ ಬಾಗಿ ನಿಂತದ್ದು ಅವರ ಕಣ್ಣಿಗೆ ಬೀಳುತ್ತದೆಂದು ಅತ್ತೆಯ ಕಿವಿ ಕೆಂಪಾದದ್ದು ನನಗೆ ಕಂಡಿತು. ಬೆಲ್ಟಿನ ಕೊಕ್ಕೆ ಸಿಕ್ಕಿಸುವವರೆಗೂ ಮಾವ ಅವರನ್ನೇ ನೋಡುತ್ತಿದ್ದರು.

ಅಂದಿನಿಂದ ಮಾವನ ಎಡಗೈ ಬಾಗಿಲಿನ ಮೇಲೆ. ಗೇರಿನ ಹೊತ್ತಿಗೆ ಅಲ್ಲಿ ಒಂದು ತಟ್ಟು. ಅತ್ತೆಗೆ ಅದು ಬೇಕಾಗಿಲ್ಲದ ಕಾಲ ಬೇಗನೇ ಬಂತು. ಆದರೂ ಅವರು ತಟ್ಟುವವರೆಗೆ ಕಾಯುತ್ತಿದ್ದರು. ಕಾಯುವಾಗ ಎಂಜಿನ್ ಚೂರು ನರಳುತ್ತಿತ್ತು. ನಾನೊಮ್ಮೆ ಕೇಳಿದ್ದಕ್ಕೆ, ‘ನರಳ್ಲಿ ಬಿಡೇ, ಅವರಿಗೊಂದು ಕೆಲಸ ಬೇಡ್ವಾ?’ ಎಂದಿದ್ದರು.

ದಸರೆಯ ರಜೆಯಲ್ಲಿ ಮೂವರೂ ಕೆಮ್ಮಣ್ಣುಗುಂಡಿಗೆ ಹೋದೆವು. ಹಳೆಯ ಕಾರಿನ ಕಾಲದಲ್ಲಿ ಅದು ದೊಡ್ಡ ಯಾತ್ರೆ. ಹೆಬ್ಬೆ ಜಲಪಾತ ನೋಡುವುದು ಎಂದು ಹೊರಟರೂ ನಮ್ಮ ನೆನಪಿನಲ್ಲಿ ಉಳಿಯುತ್ತಿದ್ದದ್ದು ಜಲಪಾತವಲ್ಲ, ಘಾಟಿಯ ನಡುವಿನ ಒಂದು ತಿರುವು. ಅಲ್ಲಿಗೆ ಬರುತ್ತಿದ್ದಂತೆ ಕಾರು ಕುದಿದು ಹಬೆ ಬಿಡುತ್ತಿತ್ತು. ಎಲ್ಲರೂ ಇಳಿಯುತ್ತಿದ್ದೆವು. ಮಾವ ಬಾನೆಟ್ಟು ಎತ್ತಿಟ್ಟು, ಅದು ತಣಿಯುವವರೆಗೆ ಬೀಡಿ ಹಚ್ಚಿ ಮರದ ಬುಡದಲ್ಲಿ ಕೂರುತ್ತಿದ್ದರು. ಅತ್ತೆ ಬುತ್ತಿ ಬಿಚ್ಚುತ್ತಿದ್ದರು. ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿಪುಡಿ, ಮೊಸರನ್ನ. ಅವಸರವಿಲ್ಲದ ಆ ಹೊತ್ತಿನಲ್ಲೇ ಮಾವ ಅತ್ತೆಯ ಜೊತೆ ಅತಿ ಹೆಚ್ಚು ಮಾತಾಡುತ್ತಿದ್ದದ್ದು. ಅವರು ತಮ್ಮ ಮದುವೆಯ ಹೊಸದರಲ್ಲಿ ಬಂದಾಗಲೂ ಕಾರು ಅಲ್ಲೇ ಕುದಿದಿತ್ತಂತೆ.

ಬಿಳಿ ಕಾರು ಆ ಘಾಟಿಯನ್ನು ಒಂದೇ ಉಸಿರಿಗೆ ಹತ್ತಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ, ಹಬೆಯಿಲ್ಲ, ವಾಸನೆಯಿಲ್ಲ. ಎಷ್ಟು ಚೆಂದ ಹತ್ತುತ್ತಿದೆ ನೋಡಿ ಮಾವ ಎಂದು ನಾನು ಹೊಗಳುತ್ತಿದ್ದೆ. ಮಾವ ಬಾಗಿಲು ತಟ್ಟತೊಡಗಿದರು, ಒಂದಲ್ಲ, ಬಿಡದೆ. ಅತ್ತೆ ಗೇರು ಬದಲಿಸಿದರು. ತಟ್ಟು ನಿಲ್ಲಲಿಲ್ಲ. ‘ಆಯ್ತು, ಆಯ್ತು’ ಎನ್ನುತ್ತ ಹಿಂದಕ್ಕೆ ಕತ್ತು ಹೊರಳಿಸಿ ನೋಡುತ್ತಿದ್ದರು. ವಾಂತಿ ಬರುತ್ತಿದೆಯೇನೋ ಎಂದು ನಾನು ಕವರು ಹುಡುಕಿದೆ. ಅತ್ತೆಗೆ ತಿಳಿಯಿತು. ಮುಂದೆ ಜಾಗ ಸಿಕ್ಕಲ್ಲಿ ಕಾರು ತಿರುಗಿಸಿ, ವಾಪಸು ಇಳಿದು ಬಂದು, ಆ ತಿರುವಿನಲ್ಲಿ ಬದಿಗೆ ಹಾಕಿ ಎಂಜಿನ್ ಆರಿಸಿದರು.

ಕುದಿಯದ ಕಾರನ್ನು ನಿಲ್ಲಿಸಿಕೊಂಡು ನಾವು ಅಲ್ಲಿ ಬಹಳ ಹೊತ್ತು ಕೂತಿದ್ದೆವು. ಅತ್ತೆ ಡಬ್ಬಿ ಬಿಚ್ಚಿ ಮಾವನಿಗೆ ತುತ್ತು ಮಾಡಿ ಕೊಟ್ಟರು. ಮಾತೆಲ್ಲ ಅತ್ತೆಯದೇ. ಮಾವನ ಪಾಲಿಗೆ ಆ ಒಂದೇ ಪದ. ಆದರೂ ಸಂಭಾಷಣೆ ನಡೆಯುತ್ತಿತ್ತು. ಹಳೆಯ ಕಾರು ತಾನೇ ಕೆಟ್ಟು ನಿಂತು ಅವರಿಗೆ ಕೊಡುತ್ತಿದ್ದ ಬಿಡುವನ್ನು ಈ ಕಾರಿನಲ್ಲಿ ಅವರೇ ಕೇಳಿ ಪಡೆಯಬೇಕಾಗಿತ್ತು. ಎರಡು ಕಾರುಗಳ ನಡುವೆ ನಾನು ಕಂಡ ಮುಖ್ಯ ವ್ಯತ್ಯಾಸ ಇದೇ. ಉಳಿದದ್ದು ಬರೀ ಕಬ್ಬಿಣ.

ಮರುವರ್ಷ ಬೇಸಿಗೆ ರಜದಲ್ಲಿ ನಾನು ಅಜ್ಜಂಪುರಕ್ಕೆ ಹೋಗಿದ್ದೆ. ವ್ಯಾಯಾಮದ ದಿನ. ನಾನೂ ಬರುತ್ತೇನೆಂದು ಹಿಂದೆ ಹತ್ತಿದೆ. ಬೆಳಗಿನ ಬಿಸಿಲು ಇನ್ನೂ ಹಿತವಾಗಿತ್ತು. ಮಾವ ಎಂದಿನಂತೆ ಮುಂದೆ ಕೂತಿದ್ದರು. ಊರು ದಾಟುವಾಗ ಒಂದೆರಡು ಸಲ ಬಾಗಿಲು ತಟ್ಟಿದರು. ಅತ್ತೆ ಹಿಂದಿನ ದಿನದ ಯಾರದೋ ಮನೆಯ ಗೃಹಪ್ರವೇಶದ ಊಟದ ವಿಷಯ ಹೇಳುತ್ತಿದ್ದರು. ತರೀಕೆರೆ ಇನ್ನೇನು ಬಂತು ಎನ್ನುವಾಗ ಒಂದು ಏರು ಸಿಕ್ಕಿತು. ಅತ್ತೆ ಎಂದಿನಂತೆ ಕಾದರು. ಎಂಜಿನ್ ನರಳತೊಡಗಿತು. ಇನ್ನೂ ಕಾದರು. ಗೃಹಪ್ರವೇಶದ ಮಾತು ನಡುವೆ ನಿಂತುಹೋಯಿತು. ನಾನು ಮೊಬೈಲು ನೋಡುತ್ತಿದ್ದವಳು ತಲೆಯೆತ್ತಿದೆ. ಅತ್ತೆ ಪಕ್ಕಕ್ಕೆ ಒಮ್ಮೆ ನೋಡಿದರು. ತಾವೇ ಗೇರು ಬದಲಿಸಿದರು.

ಎಲ್ಲೂ ನಿಲ್ಲಿಸದೆ ಕಾರನ್ನು ನೇರ ಆಸ್ಪತ್ರೆಯ ಅಂಗಳಕ್ಕೆ ತಂದರು. ನಾನು ಒಳಗೆ ಓಡಿ ಡಾಕ್ಟರನ್ನು ಕರೆತಂದೆ. ಅವರು ಕಾರಿನೊಳಗೇ ಬಾಗಿ ನೋಡಿದರು. ಕತ್ತು, ಕಣ್ಣು, ಎದೆ ಎಲ್ಲ ಪರೀಕ್ಷಿಸಿ, ದಾರಿಯಲ್ಲೇ ಹೋಗಿದೆಯಮ್ಮ, ಅವರಿಗೇನೂ ತಿಳಿದಿರಲಿಕ್ಕಿಲ್ಲ ಎಂದರು. ಒಳಗೆ ಆಗಬೇಕಾದ್ದೆಲ್ಲ ಆಯಿತು. ಊರಿಗೆ ಸಾಗಿಸಲು ಆಂಬುಲೆನ್ಸ್ ಹೇಳಲೇ ಎಂದು ಡಾಕ್ಟರು ಕೇಳಿದರು. ನಾನು ಹೂಂ ಅನ್ನುವುದರಲ್ಲಿದ್ದೆ.

‘ಬ್ಯಾಡಿ’ ಎಂದರು ಅತ್ತೆ. ‘ನಾನೇ ಕರ್ಕೊಂಡ್ ಬಂದಿದ್ದು. ನಾನೇ ಕರ್ಕೊಂಡ್ ಹೋಯ್ತೀನಿ.’

ಅದು ಸರಿಯೇ, ಹಾಗೆ ಮಾಡಬಹುದೇ ಎಂದು ಯಾರಿಗೂ ತಿಳಿಯಲಿಲ್ಲ. ಡಾಕ್ಟರು ಅತ್ತೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಸ್ಪತ್ರೆಯವರಿಗೆ ಹೇಳಿ, ಮಾವನನ್ನು ಮುಂದಿನ ಸೀಟಿನಲ್ಲೇ ಕೂರಿಸಿಕೊಟ್ಟರು. ಸೀಟನ್ನು ತುಸು ಹಿಂದಕ್ಕೆ ಒರಗಿಸಿದೆವು. ಅತ್ತೆ ಅವರ ಎದೆಯ ಮೇಲಿಂದ ಬಾಗಿ ಬೆಲ್ಟು ಹಾಕಿದರು. ಅಂಗಿಯ ಕಾಲರು ಮಡಚಿಕೊಂಡಿತ್ತು, ನೇರ ಮಾಡಿದರು.

ನಾನು ಹಿಂದೆ ಕೂತು ಅಜ್ಜಂಪುರಕ್ಕೆ ಫೋನು ಮಾಡಿ ವಿಷಯ ತಿಳಿಸಿದೆ. ಅಳು ಬರುತ್ತಿತ್ತು. ಅತ್ತೆ ಅಳದಿರುವಾಗ ಅಳುವುದು ಹೇಗೆಂದು ತಿಳಿಯದೆ ಬಾಯಿಗೆ ವೇಲು ಒತ್ತಿಕೊಂಡಿದ್ದೆ. ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಎಂದಿನ ಗಲಾಟೆ. ಬಸ್ಸುಗಳ ನಡುವೆ ನಿಲ್ಲಬೇಕಾಯಿತು. ಎಳನೀರಿನವನೊಬ್ಬ ಕಿಟಕಿಯ ಹತ್ತಿರ ಬಗ್ಗಿ ಮಾವನನ್ನು ನೋಡಿ, ಯಜಮಾನರು ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ದನಿ ತಗ್ಗಿಸಿ, ಎಳನೀರು ಬೇಕೇ ಎಂದು ಕೇಳಿದ. ಅತ್ತೆ ಬೇಡವೆಂದು ಕೈ ಆಡಿಸಿದರು. ಊರು ದಾಟಿದ ಮೇಲೆ ರಸ್ತೆ ಖಾಲಿಯಿತ್ತು. ಅತ್ತೆ ವೇಗ ಮಾಡಲಿಲ್ಲ, ನಿಧಾನವನ್ನೂ ಮಾಡಲಿಲ್ಲ. ಗುಂಡಿ ಬಂದಲ್ಲಿ ಎಡಗೈ ಚಾಚಿ ಮಾವನ ಎದೆಗೆ ಅಡ್ಡ ಹಿಡಿಯುತ್ತಿದ್ದರು. ಇಡೀ ದಾರಿಯಲ್ಲಿ ಎಂಜಿನ್ ಒಮ್ಮೆಯೂ ನರಳಲಿಲ್ಲ.

ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಕಾರು ನಿಲ್ಲುತ್ತಿದ್ದಂತೆ ನಾಲ್ಕೈದು ಗಂಡಸರು ಮುಂದಿನ ಬಾಗಿಲಿಗೆ ನುಗ್ಗಿ ಬಂದರು. ಅತ್ತೆ ಒಳಗಿನಿಂದಲೇ ಅಂಗೈ ಎತ್ತಿ ಅವರನ್ನು ತಡೆದರು. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕು ಎಳೆದು ಇಳಿದರು. ಕಾರಿನ ಮುಂದಿನಿಂದ ಸುತ್ತಿಕೊಂಡು ಆ ಕಡೆಗೆ ಬಂದರು. ಜನ ಹಿಂದೆ ಸರಿದು ದಾರಿ ಬಿಟ್ಟರು. ಅವರು ಬಾಗಿಲು ತೆಗೆದು, ಬಾಗಿ, ಬೆಲ್ಟು ಬಿಡಿಸಿದರು.

‘ಮನೆ ಬಂತು ಕಣ್ರೀ’ ಎಂದರು, ಮೆಲ್ಲಗೆ.

ಸ್ವಲ್ಪ ಹೊತ್ತು ಹಾಗೇ ಬಾಗಿ ನಿಂತಿದ್ದರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, ಕಾದಿದ್ದವರಿಗೆ ಹೇಳಿದರು:

‘ಈಗ ಹಿಡ್ಕೊಳ್ರಪ್ಪಾ. ಅವಸರ ಮಾಡ್ಬೇಡಿ.’